ಏಡಿಯಿಂದ ಬಂದ ಮಾತು



2024ರ ಮಾರ್ಚ್ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಅಂಗಡಿಗಳಿಂದ ತಂದು ಪರೀಕ್ಷಿಸಿದ ಮಾದರಿಗಳಲ್ಲಿ ರೋಡಮೈನ್-ಬಿ, ಟಾರ್ಟ್ರಜೀನ್ ಮುಂತಾದ ಬಣ್ಣಗಳು ಸಿಕ್ಕಿದ್ದವು. ರೋಡಮೈನ್-ಬಿ ಎಂಬುದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಸುದ್ದಿ ಹೊರಬಿದ್ದಾಗ ಪತ್ರಿಕೆ, ಟಿವಿ, ಮೊಬೈಲು ಎಲ್ಲೆಲ್ಲೂ ಒಂದೇ ಪದ ಓಡಾಡಿತು: ಕ್ಯಾನ್ಸರ್‌ಕಾರಕ.

ಈ ಪದವನ್ನು ನಾವೀಗ ಬಹಳ ಸಲೀಸಾಗಿ ಬಳಸುತ್ತೇವೆ. ಸಿಗರೇಟು ಕ್ಯಾನ್ಸರ್‌ಕಾರಕ, ಕರಿದ ಆಲೂಗೆಡ್ಡೆಯೂ ಕ್ಯಾನ್ಸರ್‌ಕಾರಕ, ಪ್ಲಾಸ್ಟಿಕ್ ಬಾಟಲಿಯೂ ಕ್ಯಾನ್ಸರ್‌ಕಾರಕ. ಕೇಳಿದವರಲ್ಲಿ ಕೆಲವರು ಎಲ್ಲಕ್ಕೂ ಹೆದರಿಕೊಳ್ಳುತ್ತಾರೆ. ಇನ್ನು ಕೆಲವರು ‘ಈ ಕಾಲದಲ್ಲಿ ಯಾವುದರಿಂದ ಕ್ಯಾನ್ಸರ್ ಬರುವುದಿಲ್ಲ ಹೇಳಿ’ ಎಂದು ಕೈಚೆಲ್ಲಿ, ಜೇಬಿನಿಂದ ಬೀಡಿ ತೆಗೆದು ಹಚ್ಚುತ್ತಾರೆ. ಈ ಎರಡನೆಯವರನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಂದು ಪದದ ಅರ್ಥ ತೆಳುವಾದದ್ದರಿಂದ ಅವರು ತಮ್ಮ ಜೀವವನ್ನೇ ಪಣಕ್ಕಿಡುತ್ತಿದ್ದಾರೆ. ಹಾಗಾಗಿ ಇವತ್ತಿನ ಹೊತ್ತನ್ನು ಆ ಪದ ಎಲ್ಲಿಂದ ಬಂತು, ವಿಜ್ಞಾನಿಗಳು ಅದನ್ನು ಯಾವ ಅರ್ಥದಲ್ಲಿ ಆಡುತ್ತಾರೆ ಎಂಬುದಕ್ಕೆ ಮೀಸಲಿಡುತ್ತೇನೆ.

ಇಂಗ್ಲಿಷಿನಲ್ಲಿ ಇದಕ್ಕೆ ಕಾರ್ಸಿನೋಜೆನ್ ಎನ್ನುತ್ತಾರೆ. ಎರಡು ತುಂಡುಗಳ ಪದ ಅದು, ಎರಡೂ ಗ್ರೀಕ್ ಮೂಲದವು. ಕ್ರಿಸ್ತಪೂರ್ವ ಐದನೆಯ ಶತಮಾನದ ಹೊತ್ತಿಗೆ ಹಿಪಾಕ್ರಟೀಸನೂ ಅವನ ಪಂಥದ ವೈದ್ಯರೂ ವಾಸಿಯಾಗದ ಹುಣ್ಣುಗಳಿಗೆ, ಗಂಟುಗಳಿಗೆ ‘ಕಾರ್ಕಿನೋಸ್’, ‘ಕಾರ್ಕಿನೋಮ’ ಎಂಬ ಹೆಸರುಗಳನ್ನು ಬಳಸಿದರು. ಕಾರ್ಕಿನೋಸ್ ಎಂದರೆ ಏಡಿ. ರೋಮಿನ ಸೆಲ್ಸಸ್ ವೈದ್ಯಶಾಸ್ತ್ರವನ್ನು ಲ್ಯಾಟಿನ್ನಿನಲ್ಲಿ ಬರೆದಾಗ ಅದು ‘ಕ್ಯಾನ್ಸರ್’ ಆಯಿತು. ಅದರ ಅರ್ಥವೂ ಏಡಿಯೇ. ರೋಗಕ್ಕೂ ಏಡಿಗೂ ಏನು ನಂಟು ಎಂಬುದಕ್ಕೆ ಎರಡನೆಯ ಶತಮಾನದ ವೈದ್ಯ ಗೇಲನ್ ಕೊಟ್ಟ ವಿವರಣೆ ಹೀಗಿದೆ: ಸ್ತನದಲ್ಲಿ ಎದ್ದ ಗಂಟಿನ ಸುತ್ತ ರಕ್ತನಾಳಗಳು ಉಬ್ಬಿ ನಾಲ್ಕೂ ಕಡೆಗೆ ಚಾಚಿಕೊಂಡಿರುವುದು ಏಡಿಯ ಕಾಲುಗಳ ಹಾಗೆ ಕಾಣುತ್ತದೆ. ಏಜಿನಾ ದ್ವೀಪದ ಪಾಲ್ ಎಂಬ ವೈದ್ಯ ಏಳನೆಯ ಶತಮಾನದಲ್ಲಿ ಇನ್ನೊಂದು ಕಾರಣವನ್ನೂ ದಾಖಲಿಸಿದ. ಹಿಡಿದ ಜಾಗವನ್ನು ಬಿಡದ ಅದರ ಹಟದಿಂದ ಆ ಹೆಸರು ಬಂತೆಂದು ಕೆಲವರು ಹೇಳುತ್ತಾರೆ ಎಂದು ಅವನು ಬರೆದ. ಗದ್ದೆಯ ಬದುವಿನಲ್ಲಿ, ಹೊಳೆಯ ಕಲ್ಲುಸಂದಿಯಲ್ಲಿ ಕೈಹಾಕಿ ಏಡಿಯಿಂದ ಕಚ್ಚಿಸಿಕೊಂಡವರಿಗೆ ಈ ಎರಡನೆಯ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಏಡಿ ನಮಗೆ ಪರಕೀಯವೇನೂ ಅಲ್ಲ. ಸಂಸ್ಕೃತದ ಕರ್ಕಟ, ಗ್ರೀಕಿನ ಕಾರ್ಕಿನೋಸ್, ಲ್ಯಾಟಿನ್ನಿನ ಕ್ಯಾನ್ಸರ್ ಒಂದೇ ಬೇರಿನಿಂದ ಒಡೆದ ಪದಗಳು ಎಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ಪಂಚಾಂಗದ ಕರ್ಕಾಟಕ ರಾಶಿ ಇಂಗ್ಲಿಷಿನಲ್ಲಿ ಕ್ಯಾನ್ಸರ್. ಶಾಲೆಯ ಭೂಗೋಳದ ಕರ್ಕಾಟಕ ಸಂಕ್ರಾಂತಿ ವೃತ್ತ ಅಲ್ಲಿ ಟ್ರಾಪಿಕ್ ಆಫ್ ಕ್ಯಾನ್ಸರ್. ಪದದ ಇನ್ನೊಂದು ತುಂಡಾದ ‘ಜೆನ್’ ಕೂಡ ನಮಗೆ ಶಾಲೆಯಲ್ಲೇ ಪರಿಚಯವಾದದ್ದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಜಿಯೆ ಮತ್ತು ಅವನ ಸಂಗಡಿಗರು ಆಕ್ಸಿಜನ್, ಹೈಡ್ರೋಜನ್ ಎಂಬ ಹೆಸರುಗಳನ್ನು ಕಟ್ಟಿದಾಗ ‘ಹುಟ್ಟಿಸುವುದು’ ಎಂಬ ಅರ್ಥದಲ್ಲಿ ಈ ತುಂಡನ್ನು ಬಳಸಿದರು. ಕನ್ನಡದಲ್ಲಿ ನಾವು ಅವನ್ನು ಆಮ್ಲಜನಕ, ಜಲಜನಕ ಎಂದು ಕಲಿತೆವು. ‘ಜೆನ್’, ‘ಜನಕ’ ಇವೆರಡೂ ಒಂದೇ ಬೇರಿನವು. ಆ ಲೆಕ್ಕದಲ್ಲಿ ಕಾರ್ಸಿನೋಜೆನ್ ಎಂದರೆ ನೇರವಾಗಿ ಕ್ಯಾನ್ಸರ್‌ಜನಕ. ನಿಘಂಟುಗಳು ಈ ಪದದ ಮೊದಲ ಬಳಕೆಯನ್ನು 1853ಕ್ಕೆ ಇಡುತ್ತವೆ.

ನಮ್ಮ ಕಡೆ ರೋಗಕ್ಕೆ ಬೇರೆ ಹೆಸರಿತ್ತು. ಸುಶ್ರುತ ಸಂಹಿತೆ ಅದನ್ನು ಅರ್ಬುದ ಎಂದಿತು. ದುಂಡಗೆ, ಅಲುಗಾಡದೆ, ಆಳಕ್ಕೆ ಬೇರುಬಿಟ್ಟು, ನಿಧಾನವಾಗಿ ಬೆಳೆಯುವ, ಕೀವಾಗದ ಮಾಂಸದ ಗಂಟು ಎಂಬ ಅದರ ವರ್ಣನೆಯನ್ನು ಓದಿದರೆ ಅಂದಿನವರ ಕಣ್ಣು ಎಷ್ಟು ಚುರುಕಾಗಿತ್ತು ಎಂದು ಬೆರಗಾಗುತ್ತದೆ. ಹೀಗಾಗಿ ವೈದ್ಯಸಾಹಿತ್ಯದಲ್ಲಿ ಅರ್ಬುದಜನಕ ಎಂಬುದೂ ಇದೆ. ರೋಗಕ್ಕೆ ಏಡಿಗಂತಿ ಎಂಬ ಅಚ್ಚಗನ್ನಡದ ಹೆಸರೂ ಇದೆ. ಆದರೆ ಜನ ಒಪ್ಪಿಕೊಂಡದ್ದು ಕ್ಯಾನ್ಸರ್‌ಕಾರಕ ಎಂಬುದನ್ನೇ. ‘ಮಾರಕ’ದ ಜೊತೆ ಪ್ರಾಸ ಕೂಡುವುದರಿಂದಲೋ ಏನೋ, ಅದು ಕಿವಿಗೆ ಬೀಳುವಾಗಲೇ ತೀರ್ಪಿನ ಹಾಗೆ ಬೀಳುತ್ತದೆ.

ಪದ ಅಚ್ಚಾದ ವರ್ಷ ಏನೇ ಇರಲಿ, ಹೊರಗಿನ ಒಂದು ವಸ್ತು ಮೈಯೊಳಗೆ ಕ್ಯಾನ್ಸರ್ ಹುಟ್ಟಿಸಬಲ್ಲದು ಎಂಬ ವಿಚಾರ ಅದಕ್ಕೂ ಹಿಂದಿನದು. ಅದನ್ನು ಸ್ಪಷ್ಟವಾಗಿ ಬರೆದಿಟ್ಟವನು ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್. ಅವನ ಪುಸ್ತಕ ಬಂದದ್ದು 1775ರಲ್ಲಿ.

ಆಗಿನ ಲಂಡನ್ನಿನಲ್ಲಿ ಮನೆಮನೆಯಲ್ಲೂ ಕಲ್ಲಿದ್ದಲಿನ ಒಲೆ. ಹೊಗೆ ಹೋಗುವ ಗೂಡುಗಳು ಇಕ್ಕಟ್ಟಿನವು, ಡೊಂಕುಡೊಂಕಾದವು. ಅವುಗಳಲ್ಲಿ ಕಟ್ಟಿದ ಮಸಿಯನ್ನು ಕೆರೆಯಲು ದೊಡ್ಡವರ ಮೈ ಹಿಡಿಸುತ್ತಿರಲಿಲ್ಲ. ಅದಕ್ಕಾಗಿ ಬಡವರ ಮಕ್ಕಳನ್ನು, ಅನಾಥ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಹುಡುಗ ಮೊಣಕೈ, ಮೊಣಕಾಲು, ಬೆನ್ನುಗಳನ್ನು ಗೋಡೆಗೆ ಒತ್ತಿ ಮೇಲಕ್ಕೆ ತೆವಳಬೇಕು. ಎಷ್ಟೋ ಹುಡುಗರು ಬರಿಮೈಯಲ್ಲೇ ಏರುತ್ತಿದ್ದರು. ಮಸಿ ಮೈಯ ಮಡಿಕೆಗಳಲ್ಲಿ ಕೂರುತ್ತಿತ್ತು. ಸ್ನಾನ ಅಪರೂಪ. ಮಸಿಯ ಚೀಲವೇ ರಾತ್ರಿಯ ಹಾಸಿಗೆ. ಈ ಹುಡುಗರು ಬೆಳೆದು ಗಂಡಸರಾದ ಮೇಲೆ ಅವರಲ್ಲಿ ಕೆಲವರಿಗೆ ವೃಷಣದ ಚೀಲದ ಮೇಲೆ ಒಂದು ಹುಣ್ಣು ಏಳುತ್ತಿತ್ತು. ಕಸುಬಿನವರು ಅದನ್ನು ಮಸಿಯ ನರುಲಿ ಎನ್ನುತ್ತಿದ್ದರು. ವೈದ್ಯರು ಅದನ್ನು ಗುಹ್ಯರೋಗವೆಂದು ತಿಳಿದು ಪಾದರಸ ಕೊಡುತ್ತಿದ್ದರು. ಪಾಟ್ ಅದು ಕ್ಯಾನ್ಸರ್ ಎಂದ, ಅದಕ್ಕೆ ಕಾರಣ ಮಡಿಕೆಗಳಲ್ಲಿ ಕೂತ ಮಸಿ ಎಂದ. ಆ ಹುಡುಗರ ಬದುಕಿನ ಬಗ್ಗೆ ಅವನು ಬರೆದ ಸಾಲುಗಳಲ್ಲಿ ವೈದ್ಯನ ಜೊತೆಗೆ ಮನುಷ್ಯನೂ ಕಾಣುತ್ತಾನೆ.

ಮುಂದೆ ಏನಾಯಿತು ಎಂಬುದನ್ನು ಹೇಳಲೇಬೇಕು. 1788ರಲ್ಲಿ ಬಂದ ಕಾನೂನು ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದಿತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಕ್ಕಳನ್ನು ಹೊಗೆಗೂಡಿಗೆ ಹತ್ತಿಸುವುದು ನಿಜವಾಗಿ ನಿಂತದ್ದು 1875ರ ಕಾನೂನಿನಿಂದ, ಅಂದರೆ ಪಾಟನ ಪುಸ್ತಕ ಬಂದು ಸರಿಯಾಗಿ ನೂರು ವರ್ಷದ ಮೇಲೆ. 1892ರಲ್ಲಿ ಹೆನ್ರಿ ಬಟ್ಲಿನ್ ಎಂಬ ಶಸ್ತ್ರವೈದ್ಯ ಇನ್ನೊಂದು ಸಂಗತಿಯನ್ನು ತೋರಿಸಿದ. ಯೂರೋಪಿನ ಬೇರೆ ದೇಶಗಳಲ್ಲಿ ಇದೇ ಕಸುಬಿನವರಿಗೆ ಈ ಕ್ಯಾನ್ಸರ್ ಬಹಳ ಅಪರೂಪವಾಗಿತ್ತು. ಅವರು ಮೈಗೆ ಅಂಟಿದಂತಿರುವ ಬಟ್ಟೆ ತೊಡುತ್ತಿದ್ದರು, ಕೆಲಸ ಮುಗಿದ ಮೇಲೆ ಮೈ ತೊಳೆಯುತ್ತಿದ್ದರು. ಮಸಿಯೊಳಗೆ ಏನಿದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಆದರೂ ಒಂದು ಅಂಗಿ ಮತ್ತು ಒಂದು ಕೊಡ ನೀರು ಎಷ್ಟೋ ಜೀವಗಳನ್ನು ಉಳಿಸಿದ್ದವು. ಕ್ಯಾನ್ಸರ್‌ಕಾರಕ ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ನಾನು ಇದನ್ನು ನೆನೆಯುತ್ತೇನೆ. ಕಾರಣ ಗೊತ್ತಾದರೆ ತಡೆಯಬಹುದು ಎಂಬ ಭರವಸೆ ಆ ಪದದ ಹುಟ್ಟಿನಲ್ಲೇ ಇದೆ.

ಇಷ್ಟಾದರೂ ಮಸಿಯಿಂದ ಕ್ಯಾನ್ಸರ್ ಎಂಬುದು ಅನುಮಾನವೇ ಹೊರತು ಪುರಾವೆಯಲ್ಲ ಎನ್ನುವವರಿದ್ದರು. ಮಸಿಯಿಂದ, ಡಾಂಬರಿನಿಂದ ಪ್ರಾಣಿಗಳಲ್ಲಿ ಕ್ಯಾನ್ಸರ್ ಹುಟ್ಟಿಸಿ ತೋರಿಸಲು ಹಲವರು ಹೊರಟು ಸೋತಿದ್ದರು. ಗೆದ್ದವರು ಜಪಾನಿನವರು. ಟೋಕಿಯೋದ ಇಂಪೀರಿಯಲ್ ವಿಶ್ವವಿದ್ಯಾಲಯದ ಕಟ್ಸುಸಾಬುರೋ ಯಾಮಾಗಿವಾ ಮತ್ತು ಅವರ ಸಹಾಯಕ ಕೋಯಿಚಿ ಇಚಿಕಾವಾ ಮೊಲಗಳ ಕಿವಿಯ ಒಳಬದಿಗೆ ಕಲ್ಲಿದ್ದಲಿನ ಡಾಂಬರನ್ನು ಬಳಿಯಲು ತೊಡಗಿದರು. ಎರಡು ಮೂರು ದಿನಕ್ಕೊಮ್ಮೆ ಬಳಿಯುವುದು, ಕಾಯುವುದು, ಮತ್ತೆ ಬಳಿಯುವುದು. ವಾರಗಳು ಕಳೆದವು, ತಿಂಗಳುಗಳು ಕಳೆದವು. ಮೊದಲು ಚರ್ಮ ದಪ್ಪವಾಯಿತು, ಆಮೇಲೆ ನರುಲಿಗಳು ಎದ್ದವು, ಕೊನೆಗೆ ಕೆಲವು ಮೊಲಗಳಲ್ಲಿ ನಿಜವಾದ ಕ್ಯಾನ್ಸರ್ ಬೆಳೆಯಿತು. 1915ರಲ್ಲಿ ಅವರು ಅದನ್ನು ಲೋಕಕ್ಕೆ ತಿಳಿಸಿದರು. ಹಿಂದಿನವರು ಸೋತದ್ದಕ್ಕೆ ಮುಖ್ಯ ಕಾರಣ ಅವರು ಬೇಗ ಕೈಬಿಟ್ಟದ್ದು. ಈ ರೋಗ ಕಾಯಿಸಿ ಬರುವಂಥದ್ದು. ಕಾಯುವ ತಾಳ್ಮೆ ಇದ್ದವರಿಗೆ ಅದು ಕಂಡಿತು. ಆದರೆ 1926ರ ನೊಬೆಲ್ ಬಹುಮಾನ ಯಾಮಾಗಿವಾಗೆ ಬರಲಿಲ್ಲ. ಹುಳುವೊಂದು ಇಲಿಗಳಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಹೇಳಿದ ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್‌ಗೆ ಅದು ಹೋಯಿತು. ಫಿಬಿಗರ್ ಹೇಳಿದ್ದು ನಿಲ್ಲಲಿಲ್ಲ. ಯಾಮಾಗಿವಾ ತೋರಿಸಿದ್ದು ನಿಂತಿದೆ.

ಡಾಂಬರಿನಲ್ಲಿ ನೂರಾರು ರಾಸಾಯನಿಕಗಳಿರುತ್ತವೆ. ಅವುಗಳಲ್ಲಿ ತಪ್ಪಿತಸ್ಥ ಯಾವುದು? ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅರ್ನೆಸ್ಟ್ ಕೆನವೇ ಅವರ ತಂಡ ಇದರ ಬೆನ್ನುಹತ್ತಿತು. ಎರಡು ಟನ್ ಡಾಂಬರನ್ನು ಬಟ್ಟಿ ಇಳಿಸುತ್ತ, ಸೋಸುತ್ತ, ಅದು ಹೊಮ್ಮಿಸುವ ಬೆಳಕಿನ ಗುರುತನ್ನು ಹಿಡಿದು ಹುಡುಕುತ್ತ ಹೋದವರಿಗೆ ಕೊನೆಗೆ ಸಿಕ್ಕಿದ್ದು ಕೆಲವೇ ಗ್ರಾಂ ಹಳದಿ ಹರಳು. 1933ರಲ್ಲಿ ಪ್ರಕಟವಾದ ಆ ವಸ್ತುವಿನ ಹೆಸರು ಬೆಂಜೋಪೈರೀನ್. ಇದೇ ವಸ್ತು ಬೀಡಿಯ ಹೊಗೆಯಲ್ಲಿದೆ, ಸಿಗರೇಟಿನ ಹೊಗೆಯಲ್ಲಿದೆ, ಡೀಸೆಲ್ ವಾಹನದ ಹೊಗೆಯಲ್ಲಿದೆ, ಸೌದೆ ಒಲೆಯ ಹೊಗೆಯಲ್ಲೂ ಇದೆ.

ಅದು ಮೈಯೊಳಗೆ ಮಾಡುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಂಜೋಪೈರೀನ್ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಹೊರಹಾಕಬೇಕಾದರೆ ಶರೀರ ಅದನ್ನು ಕರಗುವಂತೆ ಮಾರ್ಪಡಿಸಬೇಕು. ನಮ್ಮ ಕಿಣ್ವಗಳು ಆ ಕೆಲಸಕ್ಕೆ ಇಳಿಯುತ್ತವೆ. ಆ ದಾರಿಯ ನಡುವೆ ಹುಟ್ಟುವ ಒಂದು ರೂಪ ಬಹಳ ಚುರುಕಾದದ್ದು. ಅದು ಜೀವಕೋಶದ ಡಿಎನ್‌ಎಗೆ ಹೋಗಿ ಅಂಟಿಕೊಳ್ಳುತ್ತದೆ. ಅಂಟಿದ ಜಾಗದಲ್ಲಿ ನಕಲು ತಪ್ಪುತ್ತದೆ. ಎಷ್ಟೋ ತಪ್ಪುಗಳನ್ನು ಜೀವಕೋಶವೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದದ್ದು ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್‌ನಲ್ಲೇ ಆಗಿದ್ದರೆ ಕೋಶ ಹದ್ದು ಮೀರಿ ಬೆಳೆಯುವ ದಾರಿ ಹಿಡಿಯುತ್ತದೆ. 1996ರಲ್ಲಿ ಅಮೆರಿಕದ ವಿಜ್ಞಾನಿಗಳು ಪಿ-53 ಎಂಬ ಕಾವಲು ಜೀನ್‌ನಲ್ಲಿ ಈ ವಸ್ತು ಎಲ್ಲೆಲ್ಲಿ ಅಂಟುತ್ತದೆ ಎಂದು ಗುರುತಿಸಿದರು. ಬೀಡಿ ಸಿಗರೇಟು ಸೇದುವವರ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಆ ಜೀನ್ ಹೆಚ್ಚಾಗಿ ಕೆಟ್ಟಿರುವುದು ಅವೇ ಜಾಗಗಳಲ್ಲಿ. ಪಾಟ್ ಕಂಡ ಮಸಿಯಿಂದ ಇಲ್ಲಿಯವರೆಗೆ ಇನ್ನೂರ ಇಪ್ಪತ್ತೊಂದು ವರ್ಷದ ಹಾದಿ.

ಈಗ ಪತ್ರಿಕೆಯ ‘ಕ್ಯಾನ್ಸರ್‌ಕಾರಕ’ಕ್ಕೆ ಬರೋಣ. ಯಾವ ವಸ್ತುವನ್ನು ಹಾಗೆ ಕರೆಯಬೇಕು ಎಂದು ತೂಗಿ ನೋಡುವ ಸಂಸ್ಥೆಯೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ 1965ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. ಫ್ರಾನ್ಸಿನ ಲಿಯಾನ್ ನಗರದಲ್ಲಿದೆ. ಅದು ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇರುವಂಥವು ಒಂದನೆಯ ಗುಂಪು. ತರುವ ಸಂಭವ ಹೆಚ್ಚು ಎನ್ನುವಂಥವು 2ಎ. ತರಲೂಬಹುದು ಎನ್ನುವಂಥವು 2ಬಿ. ಇರುವ ಪುರಾವೆಯಿಂದ ಏನನ್ನೂ ಹೇಳಲಾಗದವು ಮೂರನೆಯ ಗುಂಪು. ಒಂದನೆಯ ಗುಂಪಿನಲ್ಲಿ ಈಗ 120ಕ್ಕೂ ಹೆಚ್ಚು ಹೆಸರುಗಳಿವೆ. ತಂಬಾಕು, ಮದ್ಯ, ಕಲ್ನಾರು, ಡೀಸೆಲ್ ಹೊಗೆ, ಬೂಷ್ಟು ಹಿಡಿದ ಕಡಲೆಕಾಯಿಯ ಅಫ್ಲಾಟಾಕ್ಸಿನ್, ಹೆಪಟೈಟಿಸ್-ಬಿ ವೈರಸ್, ಸೂರ್ಯನ ಬಿಸಿಲು ಕೂಡ ಅದರಲ್ಲಿವೆ.

ಇಲ್ಲೇ ಬಹಳ ಜನ ಎಡವುವುದು. ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಅವು ಹೇಳುವುದಿಲ್ಲ. 2015ರಲ್ಲಿ ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಒಂದನೆಯ ಗುಂಪಿಗೆ ಸೇರಿಸಿದಾಗ, ಮಾಂಸ ತಿನ್ನುವುದೂ ಸಿಗರೇಟು ಸೇದುವುದೂ ಒಂದೇ ಎಂದು ಸುದ್ದಿಯಾಯಿತು. ಅದೇ ಸಂಸ್ಥೆ ಆಗ ಮುಂದಿಟ್ಟ ಅಂದಾಜನ್ನು ಕೇಳಿ: ಇಂಥ ಮಾಂಸವನ್ನು ಹೆಚ್ಚಾಗಿ ತಿನ್ನುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವು, ಮದ್ಯದಿಂದ ಸುಮಾರು 6 ಲಕ್ಷ, ತಂಬಾಕಿನಿಂದ ಸುಮಾರು 10 ಲಕ್ಷ. ಮೂರೂ ಒಂದೇ ಗುಂಪಿನವು.

ರೋಡಮೈನ್-ಬಿ ಈ ಪಟ್ಟಿಯಲ್ಲಿ ಎಲ್ಲಿದೆ ಗೊತ್ತೇ? ಮೂರನೆಯ ಗುಂಪಿನಲ್ಲಿ. ಹಾಗಾದರೆ ಸರ್ಕಾರ ನಿಷೇಧಿಸಿದ್ದು ತಪ್ಪೇ? ಖಂಡಿತ ಸರಿ. ಆಹಾರಕ್ಕೆ ಹಾಕಲು ನಮ್ಮ ಕಾನೂನು ಅನುಮತಿ ಕೊಡದ ಬಣ್ಣ ಅದು. ಬಟ್ಟೆಯ ಬಣ್ಣವನ್ನು ಮಗುವಿನ ಬಾಯಿಗೆ ಇಡಬಾರದು ಎನ್ನುವುದಕ್ಕೆ ಕ್ಯಾನ್ಸರಿನ ಪುರಾವೆಗಾಗಿ ಕಾಯಬೇಕಾಗಿಲ್ಲ. ನನ್ನ ತಕರಾರು ಇರುವುದು ಬೇರೆ ಕಡೆ. ಗೋಬಿಯ ಬಣ್ಣದ ಬಗ್ಗೆ ವಾರಗಟ್ಟಲೆ ಮಾತಾಡಿದ ನಾವು, ಅದೇ ಗೋಬಿ ಗಾಡಿಯ ಪಕ್ಕದ ಗೂಡಂಗಡಿಯಲ್ಲಿ ಸಾಲಾಗಿ ನೇತಾಡುವ ಸ್ಯಾಷೆಗಳ ಬಗ್ಗೆ ಮಾತಾಡಲಿಲ್ಲ. ಅವುಗಳೊಳಗೆ ಇರುವ ತಂಬಾಕು, ಅಡಿಕೆ ಎರಡೂ ಒಂದನೆಯ ಗುಂಪಿನ ವಸ್ತುಗಳು.

ಅಡಿಕೆಯ ಮಾತು ತೆಗೆದರೆ ನಮ್ಮಲ್ಲಿ ಮನಸ್ಸು ನೋಯುತ್ತದೆ ಎಂಬುದು ಗೊತ್ತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ಚನ್ನಗಿರಿ, ಶಿರಸಿ, ಪುತ್ತೂರು ಕಡೆಯ ಸಾವಿರಾರು ಮನೆಗಳ ಒಲೆ ಉರಿಯುವುದು ಇದರಿಂದ. ಮದುವೆ ಇರಲಿ, ಮನೆಗೆ ಬಂದ ಮುತ್ತೈದೆ ಇರಲಿ, ತಾಂಬೂಲ ಇಲ್ಲದೆ ಗೌರವ ಪೂರ್ತಿಯಾಗುವುದಿಲ್ಲ. ಆದರೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ತಂಬಾಕು ಸೇರಿಸಿದ ಕವಳವನ್ನು 1980ರ ದಶಕದಲ್ಲೇ ಒಂದನೆಯ ಗುಂಪಿಗೆ ಹಾಕಿದ್ದರು. 2004ರಲ್ಲಿ ಪ್ರಕಟವಾದ ಸಂಪುಟದಲ್ಲಿ ತಂಬಾಕಿಲ್ಲದ ಕವಳವೂ, ಬರೀ ಅಡಿಕೆಯೂ ಅದೇ ಗುಂಪಿಗೆ ಸೇರಿದವು. ಬೆಳೆಗಾರರು ಇದನ್ನು ಪ್ರಶ್ನಿಸುತ್ತಿದ್ದಾರೆ. ಪ್ರಶ್ನಿಸುವುದು ಅವರ ಹಕ್ಕು. ಆದರೆ ಆ ವರದಿಯ ಹಿಂದಿರುವ ಪುರಾವೆಯ ಬಹುಪಾಲು ಭಾರತ, ತೈವಾನ್‌ಗಳಂಥ ಅಡಿಕೆ ಜಗಿಯುವ ನಾಡುಗಳ ರೋಗಿಗಳ ಬಾಯಿಂದಲೇ ಬಂದದ್ದು. ಬೆಳೆಗಾರನಿಗೆ ಬೇರೆ ದಾರಿ ತೋರಿಸುವ ಹೊಣೆ ಸರ್ಕಾರದ್ದು, ವಿಶ್ವವಿದ್ಯಾಲಯಗಳದ್ದು. ಆ ದಾರಿ ಸಿಗುವವರೆಗೆ ರೋಗದ ಮಾತನ್ನು ಮುಚ್ಚಿಡುವುದು ಸರಿಯಲ್ಲ.

ದಿನವಿಡೀ ಅಡಿಕೆ ಅಥವಾ ಗುಟ್ಕಾ ಜಗಿಯುವ ಬಾಯಿಯಲ್ಲಿ ಆಗುವುದಿಷ್ಟು. ಅಡಿಕೆಯ ಅರೆಕೊಲಿನ್ ಎಂಬ ಅಂಶ ಕೆನ್ನೆಯ ಒಳಪದರದ ಕೆಳಗೆ ನಾರಿನಂಥ ಅಂಗಾಂಶವನ್ನು ಬೆಳೆಸುತ್ತದೆ. ಮೊದಲು ಖಾರ ತಡೆಯಲಾಗುವುದಿಲ್ಲ, ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗುತ್ತದೆ. ಬೆರಳಿಟ್ಟು ನೋಡಿದರೆ ಹುರಿಯ ಹಾಗೆ ಪಟ್ಟಿಗಳು ಸಿಗುತ್ತವೆ. ಬರಬರುತ್ತ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದು ಬಂದವರಲ್ಲಿ ಕೆಲವರಿಗೆ ಮುಂದೆ ಬಾಯಿಯ ಕ್ಯಾನ್ಸರ್ ಬರುತ್ತದೆ. ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳ ಮೊದಲ ಸಾಲಿನಲ್ಲಿ ಬಾಯಿಯ ಕ್ಯಾನ್ಸರ್ ಇದೆ. ತಂಬಾಕು ಬೆರೆತ ಗುಟ್ಕಾವನ್ನು ಕರ್ನಾಟಕ 2013ರಲ್ಲೇ ನಿಷೇಧಿಸಿತು. ಆದರೆ ಪಾನ್ ಮಸಾಲೆಯ ಒಂದು ಸ್ಯಾಷೆ, ತಂಬಾಕಿನ ಒಂದು ಸ್ಯಾಷೆ ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದನ್ನು ಯಾವ ಬಸ್‌ ನಿಲ್ದಾಣದಲ್ಲಿ ಬೇಕಾದರೂ ನೋಡಬಹುದು. ಅದರಲ್ಲಿ ಹೈಸ್ಕೂಲಿನ ಹುಡುಗರೂ ಇರುತ್ತಾರೆ. ಮಸಿ ಕೆರೆಯುತ್ತಿದ್ದ ಮಕ್ಕಳಿಗೆ ಬೇರೆ ದಾರಿ ಇರಲಿಲ್ಲ. ಈ ಮಕ್ಕಳಿಗೆ ಇದೆ, ಅದನ್ನು ತೋರಿಸಬೇಕಾದವರು ನಾವು.

ಇನ್ನು ಮುಂದೆ ಯಾವುದನ್ನಾದರೂ ಕ್ಯಾನ್ಸರ್‌ಕಾರಕ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಿ: ಯಾವ ಗುಂಪಿನದು, ಎಷ್ಟು ಪ್ರಮಾಣದಲ್ಲಿ, ಎಷ್ಟು ವರ್ಷ ಬಳಸಿದರೆ? ಮಾತು ತಂಬಾಕು, ಅಡಿಕೆ, ಮದ್ಯದ್ದಾದರೆ ಅಲ್ಲಿ ಹೆದರಬೇಕು, ಬಿಡಬೇಕು.

ಕೊನೆಯಲ್ಲಿ ಒಂದು ಕೆಲಸ. ಕನ್ನಡಿಯ ಮುಂದೆ ನಿಂತು ಬಾಯಿ ಪೂರ್ತಿ ತೆರೆಯಿರಿ. ನಿಮ್ಮದೇ ಮೂರು ಬೆರಳು, ಒಂದರ ಮೇಲೊಂದು, ಮೇಲಿನ ಕೆಳಗಿನ ಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ, ಅಥವಾ ಬಾಯಲ್ಲಿ ಬಿಳಿ ಮಚ್ಚೆ, ಕೆಂಪು ಮಚ್ಚೆ, ಹುಣ್ಣು ಎರಡು ವಾರ ಕಳೆದರೂ ವಾಸಿಯಾಗದೆ ಇದ್ದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ತಂಬಾಕು ಬಿಡಬೇಕು, ಆಗುತ್ತಿಲ್ಲ ಎನ್ನುವವರಿಗೆ ರಾಷ್ಟ್ರೀಯ ಸಹಾಯವಾಣಿ ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾಗದ ಪೆನ್ಸಿಲ್ ಹತ್ತಿರವಿದ್ದರೆ ಬರೆದುಕೊಳ್ಳಿ: 1800 11 2356. ಇನ್ನೊಮ್ಮೆ ಹೇಳುತ್ತೇನೆ, 1800 11 2356.